ಒಂದು ಪೆಟ್ಟಿಗೆ, ಮೂರು ಕಾಯಿಲೆ

2024ರ ಏಪ್ರಿಲ್ 26, ಶುಕ್ರವಾರ. ಲೋಕಸಭೆ ಚುನಾವಣೆಯ ಮತದಾನದ ದಿನ. ಬಿಸಿಲೇರುವ ಮೊದಲೇ ಚಿಂತಾಮಣಿಯಲ್ಲಿ ಓಟು ಹಾಕಿ ಬಂದಿದ್ದೆ. ನನ್ನದು ಇನ್‌ವರ್ಟರ್, ಯುಪಿಎಸ್ ರಿಪೇರಿ ಅಂಗಡಿ. ಬೇಸಿಗೆಯಲ್ಲಿ ನಮಗೆ ಬಿಡುವು ಸಿಗೋದೇ ಕಷ್ಟ. ಅವತ್ತು ಬಾಗಿಲು ಹಾಕಿದ್ದೆ. ಊಟಕ್ಕೆ ಕೂರಬೇಕು, ಅಷ್ಟರಲ್ಲಿ ಶಿಡ್ಲಘಟ್ಟದಿಂದ ಅಕ್ಕನ ಮಗನ ಫೋನು.

“ಮಾವ, ಮಿಷನ್ ಮತ್ತೆ ಆಫ್ ಆಗೋಯ್ತು. ಈ ಸಲ ತೊಂಬತ್ತೆರಡು ಪರ್ಸೆಂಟ್‌ಗೆ ಬಂದಿತ್ತು.”

ಇನ್ನೊಂದು ಮಾತಾಡಿದರೆ ಅತ್ತೇ ಬಿಡುವ ಹಾಗಿದ್ದ. ಅವನು ಮದುವೆ ವಿಡಿಯೋ ಎಡಿಟ್ ಮಾಡಿಕೊಡೋನು. ಆ ವರ್ಷ ಏಪ್ರಿಲ್ ಮುಗಿಯುತ್ತಲೇ ಶುಕ್ರ ಮೌಢ್ಯ, ಮೇ ಜೂನ್‌ನಲ್ಲಿ ಮುಹೂರ್ತವೇ ಇಲ್ಲ ಅಂತ ಪುರೋಹಿತರು ಹೇಳಿದ್ದರಿಂದ ಮದುವೆಗಳೆಲ್ಲ ಒಂದರ ಬೆನ್ನಿಗೊಂದು ಬಂದಿದ್ದವು. ಚಿಕ್ಕಬಳ್ಳಾಪುರದ ಒಂದು ಮನೆಯವರಿಗೆ ಮಂಗಳವಾರದೊಳಗೆ ವಿಡಿಯೋ ಕೊಡಲೇಬೇಕು. ಬುಧವಾರ ಮದುಮಗ ದುಬೈಗೆ ಹೊರಡುತ್ತಾನೆ. ಮೂರು ಗಂಟೆಯ ವಿಡಿಯೋ, ಎಡಿಟ್ ಮಾಡಿದ್ದು ಒಂದೇ ಫೈಲಾಗಿ ರೆಂಡರ್ ಆಗಲು ರಾತ್ರಿಯಿಡೀ ಬೇಕು. ಮುಗಿಯುವ ಹೊತ್ತಿಗೆ ಕಂಪ್ಯೂಟರು ಕೈಕೊಡುತ್ತಿತ್ತು.

“ಮಧ್ಯಾಹ್ನದ ಬಸ್ಸಿಗೆ ಬರ್ತೀನಿ. ಅಲ್ಲೀವರೆಗೂ ಏನೂ ಬಿಚ್ಚಬೇಡ” ಅಂದೆ. ಸ್ಕ್ರೂಡ್ರೈವರ್‌ಗಳು, ಮಲ್ಟಿಮೀಟರು, ಅಂಗಡಿಯಲ್ಲಿದ್ದ 600 ವಿಎ ಯುಪಿಎಸ್ ಒಂದು, ಇಷ್ಟನ್ನು ಚೀಲಕ್ಕೆ ತುಂಬಿಕೊಂಡು ಹೊರಟೆ.

ಆ ವಾರದ ಬಿಸಿಲನ್ನು ನಮ್ಮ ಸೀಮೆಯವರು ಇನ್ನೂ ಮರೆತಿಲ್ಲ. ತಂಪಿನ ಊರು ಅಂತ ಹೆಸರಾದ ಬೆಂಗಳೂರಿನಲ್ಲೇ ಆ ಭಾನುವಾರ ಬಿಸಿಲು 38.5 ಡಿಗ್ರಿಗೆ ಏರಿತ್ತು. ಏಪ್ರಿಲ್‌ನಲ್ಲಿ ಬರಬೇಕಾದ ಒಂದೆರಡು ಮಳೆಯೂ ಬರಲಿಲ್ಲ. ಬಸ್ಸಿನ ಕಿಟಕಿಯಿಂದ ಬರುತ್ತಿದ್ದ ಗಾಳಿಗೆ ಕಣ್ಣು ಉರಿಯುತ್ತಿತ್ತು.

ಆ ಕಂಪ್ಯೂಟರನ್ನು ಹುಡುಗ ತಾನೇ ಜೋಡಿಸಿದ್ದು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಂಗಡಿ ಅಂಗಡಿ ಹತ್ತಿ ಇಳಿದು, ಒಂದೊಂದೇ ಸಾಮಾನು ಆರಿಸಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದ. ಹದಿನೇಳು ಸೆಂಟಿಮೀಟರ್ ಚೌಕದ ಮಿನಿ-ಐಟಿಎಕ್ಸ್ ಬೋರ್ಡು, ಆರು ಕೋರ್‌ನ 65 ವ್ಯಾಟ್ ಪ್ರೊಸೆಸರ್, ಗ್ರಾಫಿಕ್ಸ್ ಅದರೊಳಗೇ. ಎರಡು ಮೆಮೊರಿ ಕಡ್ಡಿ, ಬೋರ್ಡಿನ ಬೆನ್ನಿಗೆ ಎಸ್‌ಎಸ್‌ಡಿ, ಗಿಡ್ಡ ಕೂಲರು, ಚಿಕ್ಕ ಪವರ್ ಸಪ್ಲೈ. ಎಲ್ಲ ಸೇರಿ ಹತ್ತು ಲೀಟರಿನ ಪೆಟ್ಟಿಗೆ. ಅಷ್ಟು ಚಿಕ್ಕದು ಯಾಕೆ ಅಂದರೆ ಅವನಿಗೆ ಅದನ್ನು ಬ್ಯಾಗಿಗೆ ಹಾಕಿಕೊಂಡು ಛತ್ರಕ್ಕೆ ಒಯ್ಯಬೇಕಿತ್ತು. ಬೆಳಗ್ಗೆ ಧಾರೆ ಆದರೆ ಸಂಜೆ ಆರತಕ್ಷತೆಯಲ್ಲಿ ಅದರ ತುಣುಕುಗಳನ್ನು ಪರದೆ ಮೇಲೆ ತೋರಿಸಬೇಕು ಅಂತ ಈಗ ಎಲ್ಲರೂ ಕೇಳುತ್ತಾರೆ. ಆ ಪುಟ್ಟ ಪೆಟ್ಟಿಗೆಯಿಂದಲೇ ಹುಡುಗ ಮನೆಗೆ ಒಂದಿಷ್ಟು ದುಡ್ಡು ತರುತ್ತಿದ್ದ. ಹಾಗಾಗಿ ಅದರ ಮೇಲೆ ನನಗೂ ಅಭಿಮಾನ.

ಅಕ್ಕನ ಮನೆ ಊರ ಅಂಚಿನಲ್ಲಿದೆ. ಹಿಂದುಗಡೆ ಹಿಪ್ಪುನೇರಳೆ ತೋಟ, ಅದರ ಪಕ್ಕಕ್ಕೆ ರೇಷ್ಮೆ ಹುಳು ಸಾಕುವ ಹುಳು ಮನೆ. ಒಂದೆರಡು ಮನೆ ಆಚೆ ರೇಷ್ಮೆ ನೂಲಿಗೆ ಹುರಿ ಹಾಕುವ ಮಿಷನ್‌ಗಳು. ಬಾಗಿಲಲ್ಲೇ ಭಾವ ಎದುರಾದರು. “ಬಿಸಿಲಿಗೆ ಅದೂ ಸಾಯ್ತಾ ಐತೆ ಬಾಪ್ಪ” ಅಂದರು. ಎಲ್ಲರ ಬಾಯಲ್ಲೂ ಅದೇ ಮಾತು: ಬಿಸಿ. ಹುಡುಗ ಆಗಲೇ ಹೊಸ ಕೂಲರಿಗೆ ಫೋನಿನಲ್ಲಿ ಆರ್ಡರ್ ಹಾಕಲು ಕೂತಿದ್ದ. ತಡಿ ಅಂದೆ.

ಹೋದವನೇ ಪೆಟ್ಟಿಗೆ ಬಿಚ್ಚಲಿಲ್ಲ. ಹುಡುಗನನ್ನು ಎದುರಿಗೆ ಕೂರಿಸಿಕೊಂಡು, ಹಳೇ ನೋಟ್‌ಬುಕ್ ಒಂದನ್ನು ತೆರೆದು, ಯಾವಾಗ ಯಾವಾಗ ನಿಂತಿತು, ಆಗ ಏನು ಓಡುತ್ತಿತ್ತು, ಕರೆಂಟು ಇತ್ತೋ ಹೋಯಿತೋ, ಎಲ್ಲ ಬರೆಸಿದೆ. ಅವನಿಗೆ ನೆನಪಿಲ್ಲದ್ದನ್ನು ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ಹುಡುಕಿದೆವು. ಅಲ್ಲಿ ಕರ್ನಲ್-ಪವರ್ 41 ಅಂತ ಕೆಂಪು ಗುರುತುಗಳು ಸಾಲಾಗಿ ಇದ್ದವು. ಅದನ್ನು ನೋಡಿ ಪವರ್ ಸಪ್ಲೈ ಕೆಟ್ಟಿದೆ ಅಂತ ಅದನ್ನೇ ಬದಲಾಯಿಸುವವರು ಬಹಳ. ಆದರೆ ಆ ಗುರುತು ಹೇಳುವುದು ಇಷ್ಟೇ: ಮಿಷನ್ ಸರಿಯಾಗಿ ಶಟ್‌ಡೌನ್ ಆಗದೇ ನಿಂತುಹೋಗಿ, ಮತ್ತೆ ಎದ್ದಿದೆ. ಯಾಕೆ ಅನ್ನೋದು ಅದಕ್ಕೂ ಗೊತ್ತಿರುವುದಿಲ್ಲ. ಅದರಿಂದ ನಮಗೆ ಸಿಕ್ಕಿದ್ದು ಗಂಟೆ, ನಿಮಿಷ. ಅಷ್ಟೇ ಬೇಕಿತ್ತು.

ಬರೆಯುತ್ತಾ ಹೋದ ಹಾಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಕೆಲವು ಸಲ ಪರದೆ ಫಕ್ಕನೆ ಕಪ್ಪಾಗಿ ಮಿಷನ್ ತಾನೇ ಮತ್ತೆ ಶುರುವಾಗಿತ್ತು. ಇನ್ನು ಕೆಲವು ಸಲ ಚಿತ್ರ ಇದ್ದಲ್ಲೇ ನಿಂತು, ಮೌಸ್ ಅಲ್ಲಾಡದೆ, ಕೊನೆಗೆ ಬಟನ್ ಒತ್ತಿ ಹಿಡಿದು ಆಫ್ ಮಾಡಬೇಕಾಗಿತ್ತು. ಎರಡೂ ಬೇರೆ ಬೇರೆ. ಮನೆಯವರಿಗೆ ಮಾತ್ರ ಎರಡೂ ಒಂದೇ, “ಆಫ್ ಆಗೋಯ್ತು”. ಅದಕ್ಕಿಂತ ಮುಖ್ಯ, ಒಂದು ಸಲ ಬೆಳಗಿನ ಜಾವ, ತಣ್ಣಗಿರುವ ಹೊತ್ತಲ್ಲಿ, ಏನೂ ಓಡದೇ ಇದ್ದಾಗಲೂ ಹಾಗೆ ನಿಂತಿತ್ತು.

ಗೌರಿಬಿದನೂರಿನಲ್ಲಿ ನನಗೊಬ್ಬ ಗೆಳೆಯ ಇದ್ದಾನೆ, ಕಂಪ್ಯೂಟರ್ ಸರ್ವೀಸ್ ಮಾಡೋನು. ಅವನ ಊರು ಹೊಸೂರು, ವಿಚಾರವಾದಿ ಎಚ್. ನರಸಿಂಹಯ್ಯನವರು ಹುಟ್ಟಿದ ಊರು. ಎಚ್.ಎನ್. ಅವರ ಹೆಸರು ಹೇಳಿಕೊಂಡೇ ಬೆಳೆದವನು; ಯಾರೇ ಏನೇ ಹೇಳಲಿ, ಒಪ್ಪುವ ಮೊದಲು ಪ್ರಶ್ನೆ ಕೇಳೋದು ಅವನ ಸ್ವಭಾವ. ಸಂಜೆ ಅವನಿಗೆ ಫೋನ್ ಹಚ್ಚಿ ಹುಡುಗನ ಕೈಗೆ ಕೊಟ್ಟೆ.

“ಬಿಸಿ ಆಗಿ ಆಫ್ ಆಗ್ತಾ ಐತೆ ಅಣ್ಣ.”

“ಬಿಸಿಯಿಂದಾನೇ ಅಂತ ಹೆಂಗೆ ಗೊತ್ತಾಯ್ತು? ಅಳೆದ್ಯಾ?”

ಹುಡುಗ ಸುಮ್ಮನಾದ. ಗೆಳೆಯ ಬಿಡಲಿಲ್ಲ, ವಿವರವಾಗಿ ಹೇಳಿದ. ಇವತ್ತಿನ ಪ್ರೊಸೆಸರು ಬಿಸಿಯಾದ ಕೂಡಲೇ ಸಾಯುವುದಿಲ್ಲ. ತನ್ನ ಮಿತಿ ಎಷ್ಟೋ ಅಷ್ಟಕ್ಕೆ, ಇವನದಕ್ಕೆ 95 ಡಿಗ್ರಿಗೆ, ಬಂದ ತಕ್ಷಣ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಅಷ್ಟಕ್ಕೂ ಬಗ್ಗದೆ ಬಿಸಿ ಇನ್ನೂ ಏರಿದರೆ ಮಾತ್ರ ಪೂರ್ತಿ ಆಫ್ ಆಗುವುದು, ಅದು ಕೂಲರ್ ಕಳಚಿಬಿದ್ದಂಥ ಸಂದರ್ಭದಲ್ಲಿ. ಬರೀ ಬಿಸಿಯಾದರೆ ಕೆಲಸ ನಿಧಾನ ಆಗಬೇಕು, ನಿಲ್ಲಬಾರದು. ನಿಂತಿದೆ ಅಂದರೆ ಇನ್ನೇನೋ ಇದೆ. “ನಾಳೆ ನಾನೇ ಬರ್ತೀನಿ, ಒಳ್ಳೇ ಮೆಮೊರಿ ಎರಡು ತರ್ತೀನಿ. ಇವತ್ತು ರಾತ್ರಿ ಮೆಮ್‌ಟೆಸ್ಟ್ ಹಾಕಿ ಮಲಗಿ” ಅಂದ.

ಆದರೆ ಅದಕ್ಕೂ ಮೊದಲು, ನನ್ನ ಕಸುಬಿಗೆ ಸೇರಿದ ಒಂದು ವಿಷಯ ಇತ್ತು. ಪರದೆ ಕಪ್ಪಾದ ಗಂಟೆಗಳನ್ನು ಭಾವನ ಎದುರಿಗಿಟ್ಟೆ. ಅವರು ತೋಟದ ಬೋರ್‌ವೆಲ್‌ಗೆ ಕರೆಂಟು ಯಾವಾಗ ಬರುತ್ತೆ ಯಾವಾಗ ಹೋಗುತ್ತೆ ಅಂತ ನಿಮಿಷ ಲೆಕ್ಕದಲ್ಲಿ ನೆನಪಿಟ್ಟಿರುತ್ತಾರೆ. ನೋಡಿದವರೇ “ಇವೆಲ್ಲ ಕರೆಂಟ್ ಹೋಗೋ ಟೈಮು” ಅಂದರು. ಕಂಪ್ಯೂಟರು ಮನೆಯ ಇನ್‌ವರ್ಟರ್ ಲೈನಿನಲ್ಲೇ ಇತ್ತಲ್ಲ, ಮತ್ತೆ ಹೇಗೆ ಆಫ್ ಆಗುತ್ತೆ ಅನ್ನೋದು ಎಲ್ಲರ ಪ್ರಶ್ನೆ.

ಇನ್‌ವರ್ಟರಿನ ಮೈಮೇಲೆ ಒಂದು ಚಿಕ್ಕ ಸ್ವಿಚ್ ಇರುತ್ತದೆ, ಬಹಳ ಮನೆಗಳಲ್ಲಿ ಅದನ್ನು ಯಾರೂ ನೋಡಿಯೇ ಇರುವುದಿಲ್ಲ. ಒಂದು ಕಡೆ ಯುಪಿಎಸ್ ಮೋಡ್, ಇನ್ನೊಂದು ಕಡೆ ನಾರ್ಮಲ್ ಮೋಡ್. ಯುಪಿಎಸ್ ಮೋಡ್‌ನಲ್ಲಿ ವೋಲ್ಟೇಜು ಸುಮಾರು 180ಕ್ಕಿಂತ ಇಳಿದರೆ ಬ್ಯಾಟರಿಗೆ ಹೊರಳುತ್ತದೆ, ಬೇಗ ಹೊರಳುತ್ತದೆ. ನಾರ್ಮಲ್‌ನಲ್ಲಿ ವೋಲ್ಟೇಜು ಬಹಳ ಕೆಳಗಿಳಿಯುವ ತನಕ ಸುಮ್ಮನಿರುತ್ತದೆ, ಹೊರಳಲೂ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಫ್ಯಾನು, ಬಲ್ಬಿಗೆ ಆ ಅಂತರ ತಿಳಿಯುವುದೇ ಇಲ್ಲ. ಕಂಪ್ಯೂಟರಿನ ಪವರ್ ಸಪ್ಲೈ ಒಳಗಿನ ಕೆಪಾಸಿಟರು ಪೂರ್ತಿ ಹೊರೆ ಇದ್ದಾಗ ಕರೆಂಟಿಲ್ಲದೆ ದೂಡುವುದು ಹದಿನಾರು ಹದಿನೇಳು ಮಿಲಿಸೆಕೆಂಡ್ ಮಾತ್ರ. ಅಷ್ಟರೊಳಗೆ ಇನ್‌ವರ್ಟರ್ ಹೊರಳದಿದ್ದರೆ ಮಿಷನ್ ರೀಸ್ಟಾರ್ಟ್ ಆಗಲೇಬೇಕು. ರೆಂಡರ್ ನಡೆಯುವಾಗ ಹೊರೆ ಹೆಚ್ಚು, ಹಾಗಾಗಿ ಆಗಲೇ ಬೀಳುವುದೂ ಹೆಚ್ಚು.

ಸ್ವಿಚ್ ನಾರ್ಮಲ್ ಕಡೆಗಿತ್ತು. ಅದನ್ನು ಹಾಗಿಟ್ಟಿದ್ದು ಭಾವನೇ, ಅದಕ್ಕೆ ಒಳ್ಳೇ ಕಾರಣವೂ ಇತ್ತು. ಬೇಸಿಗೆಯಲ್ಲಿ ಸುತ್ತಲಿನ ಮೋಟಾರುಗಳು ಒಟ್ಟಿಗೆ ಓಡುವಾಗ ವೋಲ್ಟೇಜು 180ಕ್ಕಿಂತ ಕೆಳಗೇ ತೂಗಾಡುತ್ತದೆ. ಯುಪಿಎಸ್ ಮೋಡ್‌ನಲ್ಲಿ ಇಟ್ಟರೆ ಹಗಲೆಲ್ಲ ಬ್ಯಾಟರಿ ಖರ್ಚಾಗಿ, ರಾತ್ರಿ ಹುಳು ಮನೆಯಲ್ಲಿ ದೀಪ ಇರುವುದಿಲ್ಲ. ಅಕ್ಕ ರಾತ್ರಿ ಸೊಪ್ಪು ಹಾಕಬೇಕು. ಹಾಗಾಗಿ ಸ್ವಿಚ್ ಮುಟ್ಟಲಿಲ್ಲ. ನಾನು ತಂದಿದ್ದ ಯುಪಿಎಸ್ ಅನ್ನು ಇನ್‌ವರ್ಟರ್ ಲೈನಿಗೂ ಕಂಪ್ಯೂಟರಿಗೂ ನಡುವೆ ಇಟ್ಟೆ. ಇನ್‌ವರ್ಟರು ಹೊರಳುವ ಆ ಗಳಿಗೆಯನ್ನು ಅದು ತುಂಬಿಕೊಡುತ್ತದೆ, ಆಮೇಲಿನ ಗಂಟೆಗಟ್ಟಲೆ ಹೊರೆಯನ್ನು ಇನ್‌ವರ್ಟರು ಹೊರುತ್ತದೆ. ಇನ್‌ವರ್ಟರು ಸೈನ್ ವೇವ್‌ನದಾಗಿದ್ದರಿಂದ ಇದು ನಡೆಯಿತು. ಸ್ಕ್ವೇರ್ ವೇವ್‌ನದಾಗಿದ್ದರೆ ಯುಪಿಎಸ್ ಅದನ್ನು ಕರೆಂಟು ಅಂತಲೇ ಒಪ್ಪದೆ ತನ್ನ ಬ್ಯಾಟರಿ ಮುಗಿಸಿಕೊಂಡು ಕೂರುವ ಸಾಧ್ಯತೆ ಇರುತ್ತದೆ. ಕೊಳ್ಳುವವರು ಇದನ್ನು ಕೇಳಿಕೊಂಡೇ ಕೊಳ್ಳಬೇಕು. ಮೇನ್ ಸ್ವಿಚ್ಚನ್ನು ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದೆವು. ಪರದೆ ಮಿಟುಕಲಿಲ್ಲ.

ಒಂದು ಕಾಯಿಲೆ ಅಲ್ಲಿಗೆ ಹೋಯಿತು. ರಾತ್ರಿ ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್ ಹಾಕಿ ಜಗಲಿಯಲ್ಲಿ ಮಲಗಿದೆವು. ಇದು ವಿಂಡೋಸ್ ಇಲ್ಲದೆ ತಾನೇ ಓಡುವ ಪ್ರೋಗ್ರಾಂ. ಮೆಮೊರಿಯ ಪ್ರತಿ ಮನೆಗೂ ಒಂದೊಂದು ಮಾದರಿಯಲ್ಲಿ ಬರೆದು, ತಿರುಗಿ ಓದಿ, ಬರೆದದ್ದೇ ಬಂತೇ ಅಂತ ತಾಳೆ ನೋಡುತ್ತದೆ. ಮೊದಲ ಸುತ್ತಿನಲ್ಲಿ ಏನೂ ಇಲ್ಲ. ಹುಡುಗ “ಮೆಮೊರಿ ಸರಿ ಐತೆ ಮಾವ” ಅಂತ ನಿಲ್ಲಿಸಲು ಹೊರಟ. ಓಡಲಿ ಬಿಡು ಅಂದೆ. ಬೆಳಗ್ಗೆ ಎದ್ದು ನೋಡಿದರೆ ಪರದೆಯ ಮೇಲೆ ಕೆಂಪು ಸಾಲುಗಳು. ಪೆಟ್ಟಿಗೆ ಒಳಗೆ ಕಾವೇರಿದ ಮೇಲೆ ತಪ್ಪುಗಳು ಬರತೊಡಗಿದ್ದವು.

ಗೆಳೆಯ ಮಂಚೇನಹಳ್ಳಿ, ಚಿಕ್ಕಬಳ್ಳಾಪುರ ದಾರಿಯಾಗಿ ಬೆಳಗಿನ ಬಸ್ಸಿಗೇ ಬಂದ. ಗೌರಿಬಿದನೂರು ನಮ್ಮೂರುಗಳಿಗಿಂತ ಇನ್ನೂರು ಮೀಟರಿನಷ್ಟು ತಗ್ಗಿನಲ್ಲಿದೆ, ಅಲ್ಲಿ ಸೆಖೆ ಇನ್ನೂ ಜಾಸ್ತಿ. ಶಿಡ್ಲಘಟ್ಟದಲ್ಲಿ ಇಳಿದು ಇಲ್ಲಿ ಪರವಾಗಿಲ್ಲ ಅಂದ. ಕೆಂಪು ಸಾಲು ನೋಡಿದವನೇ ಬಯೋಸ್ ತೆರೆದ. ಮೆಮೊರಿ 3600ರಲ್ಲಿ ಓಡುತ್ತಿತ್ತು. ಕಡ್ಡಿಯ ಮೇಲೆ ಅಚ್ಚಾಗಿದ್ದದ್ದೂ 3600. ಎಕ್ಸ್‌ಎಂಪಿ ಅನ್ನುವ ಒಂದು ಆಯ್ಕೆಯನ್ನು ಆನ್ ಮಾಡಿದರೆ ಮೆಮೊರಿ ಆ ವೇಗಕ್ಕೆ, ಅದಕ್ಕೆ ಬೇಕಾದ 1.35 ವೋಲ್ಟಿಗೆ ಏರುತ್ತದೆ. ಜೋಡಿಸುವಾಗ ಎಲ್ಲರೂ ಮಾಡುವುದು ಅದನ್ನೇ. ಗೆಳೆಯ ಹುಡುಗನಿಗೆ ಬಿಡಿಸಿ ಹೇಳಿದ ಮಾತು ಇದು: ಕಡ್ಡಿಯ ಮೇಲಿರುವುದು ಕಡ್ಡಿಯ ಸಾಮರ್ಥ್ಯ. ಆದರೆ ಮೆಮೊರಿಯನ್ನು ಓದಿ ಬರೆಯುವ ಭಾಗ ಇರುವುದು ಪ್ರೊಸೆಸರಿನೊಳಗೆ. ಪ್ರೊಸೆಸರು ಮಾಡಿದವರು 3200ರ ತನಕ ಅಂತ ಮಾತ್ರ ಹೇಳಿದ್ದಾರೆ. ಅದಕ್ಕಿಂತ ಮೇಲೆ ಓಡಿದರೆ ಅದೃಷ್ಟ, ಓಡದಿದ್ದರೆ ಯಾರ ತಪ್ಪೂ ಅಲ್ಲ.

ಅವನ ಕೆಲಸದ ರೀತಿ ನನಗೆ ಬಹಳ ಇಷ್ಟ. ಒಂದು ಸಲಕ್ಕೆ ಒಂದೇ ಬದಲಾವಣೆ. ಬದಲಾಯಿಸಿದ್ದನ್ನು ಬರೆದಿಟ್ಟು, ಪರೀಕ್ಷೆ ಮುಗಿಯುವ ತನಕ ಇನ್ನೊಂದನ್ನು ಮುಟ್ಟುವುದಿಲ್ಲ. ಎಕ್ಸ್‌ಎಂಪಿ ತೆಗೆದು ಮಾಮೂಲಿ ವೇಗಕ್ಕೆ ಇಳಿಸಿದ: ತಪ್ಪಿಲ್ಲ. ತಾನು ತಂದ ಕಡ್ಡಿಗಳನ್ನು 3200ಕ್ಕೆ ಹಾಕಿದ: ತಪ್ಪಿಲ್ಲ. ಅಂದರೆ ಬೋರ್ಡು ಚೆನ್ನಾಗಿದೆ. ಹುಡುಗನ ಕಡ್ಡಿಗಳನ್ನೇ ಮತ್ತೆ ಹಾಕಿ 3200ಕ್ಕೆ ನಿಲ್ಲಿಸಿದ: ತಪ್ಪಿಲ್ಲ. ಅಂದರೆ ಕಡ್ಡಿಗಳೂ ಚೆನ್ನಾಗಿವೆ. ಒಂದು ಪೈಸೆ ಖರ್ಚಿಲ್ಲದೆ, ಒಂದು ಸಂಖ್ಯೆ ಇಳಿಸಿದ್ದಕ್ಕೆ ಎರಡನೇ ಕಾಯಿಲೆಯೂ ಹೋಯಿತು. ಬೆಳಗಿನ ಜಾವ ತಣ್ಣಗಿದ್ದಾಗ ನಿಂತಿದ್ದಕ್ಕೂ ಇದೇ ಕಾರಣ ಅಂತ ಗೆಳೆಯ ಹೇಳಿದ. ಅಂಚಿನಲ್ಲಿ ಓಡುವ ಮೆಮೊರಿ ಬಿಸಿಯಲ್ಲಿ ಹೆಚ್ಚು ತಪ್ಪುತ್ತದೆ, ತಂಪಿನಲ್ಲಿ ತಪ್ಪುವುದೇ ಇಲ್ಲ ಅಂತಲ್ಲ.

ಆಗ ಹುಡುಗನಿಗೆ ಇನ್ನೊಂದು ನೆನಪಾಯಿತು. ಒಂದೆರಡು ವಿಡಿಯೋಗಳಲ್ಲಿ ಅಲ್ಲಲ್ಲಿ ಹಸಿರು ಚೌಕಗಳು ಬಂದಿದ್ದವು. ಕ್ಯಾಮೆರಾ ಕಾರ್ಡು ಕೆಟ್ಟಿದೆ ಅಂದುಕೊಂಡು ಹೊಸ ಕಾರ್ಡು ಕೊಂಡಿದ್ದ. ನನಗೆ ಎದೆ ಧಸಕ್ಕೆಂದಿತು. ಮಿಷನ್ ನಿಂತರೆ ಕಣ್ಣಿಗೆ ಕಾಣುತ್ತದೆ. ಮೆಮೊರಿ ತಪ್ಪಿದರೆ ಅದು ಫೈಲಿನೊಳಗೇ ಸದ್ದಿಲ್ಲದೆ ಕೂತುಬಿಡುತ್ತದೆ. ಒಂದು ಮನೆಯ ತಾಳಿ ಕಟ್ಟುವ ಗಳಿಗೆ ಎರಡನೇ ಸಲ ಆಗುವುದಿಲ್ಲ. ಕಾರ್ಡುಗಳು ಇನ್ನೂ ಅಳಿಸದೆ ಇದ್ದದ್ದು ಪುಣ್ಯ. ಆ ದಿನವೇ ಚಿಕ್ಕಬಳ್ಳಾಪುರದ ಮದುವೆಯದ್ದನ್ನೆಲ್ಲ ಕಾರ್ಡಿನಿಂದ ಹೊಸದಾಗಿ ಕಾಪಿ ಮಾಡಿ, ಇನ್ನೊಂದು ಡಿಸ್ಕಿಗೂ ಹಾಕಿಸಿದೆ. ವಿಡಿಯೋ ಕೆಲಸ ಮಾಡುವ ಹುಡುಗರಿಗೆಲ್ಲ ನಾನು ಇದನ್ನು ಕೈಮುಗಿದು ಹೇಳುತ್ತೇನೆ: ಮೆಮೊರಿ ಪರೀಕ್ಷೆ ರಾತ್ರಿಯಿಡೀ ಓಡಿಸದೆ ಇನ್ನೊಬ್ಬರ ಮನೆಯ ಮದುವೆಯನ್ನು ಆ ಮಿಷನ್‌ಗೆ ಒಪ್ಪಿಸಬೇಡಿ.

ಇನ್ನು ಬಿಸಿ. ಅದು ನಿಲ್ಲಿಸುತ್ತಿರಲಿಲ್ಲ, ಆದರೆ ಇರಲಿಲ್ಲವೇ ಅಂದರೆ, ಇತ್ತು. ಅಳೆಯುವ ಪ್ರೋಗ್ರಾಂ ಹಾಕಿ ರೆಂಡರ್ ಶುರು ಮಾಡಿದರೆ ಐದೇ ನಿಮಿಷದಲ್ಲಿ ಪ್ರೊಸೆಸರು 95 ಡಿಗ್ರಿ ಮುಟ್ಟಿತು, ವೇಗ 4.2ರಿಂದ 3.4 ಗಿಗಾಹರ್ಟ್ಸ್‌ಗೆ ಕುಸಿಯಿತು. ಫ್ಯಾನಿನ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ಪೆಟ್ಟಿಗೆ ಇದ್ದದ್ದು ಟಿವಿ ಕೆಳಗಿನ ಶೋಕೇಸಿನ ಗೂಡಿನಲ್ಲಿ. ಹಿಂದೆ ಹಲಗೆ, ಪಕ್ಕಕ್ಕೆ ಹಲಗೆ, ಮುಂದೆ ಮಾತ್ರ ತೆರೆದಿದೆ. ಧೂಳು, ಹಲ್ಲಿ ಬಾರದಿರಲಿ ಅಂತ ಹುಡುಗ ಅಲ್ಲಿಟ್ಟಿದ್ದ.

ಅಷ್ಟರಲ್ಲಿ ಅಕ್ಕ ಹುಳು ಮನೆಯಿಂದ ಬಂದಳು. ಆಗ ಹುಳುಗಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಹಂತ, ಮುಗಿಸಿ ಎದ್ದು ಸೊಪ್ಪು ತಿನ್ನುತ್ತಿದ್ದವು. ಹುಳು ತನ್ನ ಜನ್ಮದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತರ ಮೇಲೆ ಈ ಕೊನೇ ಹಂತದಲ್ಲೇ ತಿನ್ನುತ್ತದೆ. ಅಕ್ಕನಿಗೆ ಹಗಲು ರಾತ್ರಿ ಒಂದಾಗಿರುವ ಕಾಲ. ಮೊದಲೆರಡು ಜ್ವರದ ತನಕ ಹುಳುವಿಗೆ 27-28 ಡಿಗ್ರಿ ಶಾಖ, ನೂರಕ್ಕೆ 85-90ರಷ್ಟು ತೇವ ಬೇಕು. ಬೆಳೆದ ಮೇಲೆ 24-25 ಡಿಗ್ರಿ ಸಾಕು, ತೇವವೂ 70-75ಕ್ಕೆ ಇಳಿಯಬೇಕು. ಆದರೆ ಗಾಳಿ ಚೆನ್ನಾಗಿ ಆಡಬೇಕು. ಅಂಥ ಬಿಸಿಲಿನಲ್ಲಿ ಒದ್ದೆ ಗೋಣಿತಾಟು ಕಟ್ಟಿ, ಸೂರಿನ ಮೇಲೆ ತೆಂಗಿನ ಗರಿ ಹೊದಿಸಿ ಅವಳು ಅದನ್ನು ಕಾಯುತ್ತಿದ್ದಳು. ಚಿಂತಾಮಣಿಯ ರೇಷ್ಮೆ ಕೃಷಿ ಕಾಲೇಜಿನಲ್ಲಿ ತರಬೇತಿ ಮುಗಿಸಿ ಬಂದವಳು. ತಾಪ, ತೇವ ತೋರಿಸುವ ಮೀಟರು ಸದಾ ಹುಳು ಮನೆಯ ಗೋಡೆಯಲ್ಲಿ ನೇತಾಡುತ್ತದೆ. ಆ ಮೀಟರನ್ನೇ ತರಿಸಿ ಶೋಕೇಸಿನೊಳಗೆ ಇಟ್ಟೆ. ಕೋಣೆಯಲ್ಲಿ 36. ಶೋಕೇಸಿನ ಒಳಗೆ 47.

ಅಕ್ಕ ಬಗ್ಗಿ ನೋಡಿದಳು. “ಒಳಕ್ಕೆ ಗಾಳಿ ಹೋಗೋದು ಸರಿ. ಆಚೆಗೆ ಎಲ್ಲಿಂದ ಬತ್ತದೆ ಇದ್ರಲ್ಲಿ?”

ನಾವು ಮೂವರೂ ಫ್ಯಾನಿನ ವೇಗ, ಕೂಲರಿನ ಗಾತ್ರ ಅಂತ ಮಾತಾಡುತ್ತಿದ್ದೆವು. ಅವಳು ಕೇಳಿದ ಒಂದೇ ಪ್ರಶ್ನೆಯಲ್ಲಿ ಕೆಲಸದ ದಾರಿ ಪೂರ್ತಿ ಇತ್ತು. “ಹುಳು ಮನೇಲಿ ಬರೀ ಕಿಟಕಿ ಇಟ್ರೆ ಆಯ್ತದಾ? ಮೇಲೆ ವೆಂಟಿಲೇಟರ್ ಬೇಕು. ಹುಳು ಉಸಿರಾಡ್ತಾವೆ, ಸೊಪ್ಪು ಬೆವರ್ತದೆ, ಆ ಕೆಟ್ಟ ಗಾಳಿ ಮೇಲಿಂದ ಹೋಗ್ದಿದ್ರೆ ಸಪ್ಪೆ ರೋಗ ಬಂದು ಬೆಳೆ ಪೂರ್ತಿ ಹೋಯ್ತದೆ.” ಇಷ್ಟು ಹೇಳಿ ಕೈ ತೊಳೆಯಲು ಹೋದಳು. ಗೆಳೆಯ ಅವಳು ಹೋದ ದಿಕ್ಕನ್ನೇ ನೋಡುತ್ತಾ, “ಇವ್ರನ್ನ ಮೊದ್ಲೇ ಕೇಳ್ಬೇಕಿತ್ತು” ಅಂದ.

ಲೆಕ್ಕ ಸುಲಭ. ಚಿಪ್ಪಿನ ಬಿಸಿ ಅಂದರೆ ಕೂಲರಿಗೆ ಬರುವ ಗಾಳಿಯ ಬಿಸಿ, ಅದರ ಮೇಲೆ ಚಿಪ್ಪು ತಾನೇ ಉಗುಳುವ ಶಾಖ ಕೂಲರಿನಲ್ಲಿ ಕಟ್ಟಿಕೊಳ್ಳುವಷ್ಟು. 47ರ ಗಾಳಿ ಕೊಡುವ ಬದಲು 36ರದ್ದು ಕೊಟ್ಟರೆ ಹನ್ನೊಂದು ಡಿಗ್ರಿ ಪುಕ್ಕಟೆಯಾಗಿ ಇಳಿಯುತ್ತದೆ. ಯಾವ ದುಬಾರಿ ಕೂಲರೂ ಅದನ್ನು ಅಷ್ಟು ಸುಲಭಕ್ಕೆ ಕೊಡುವುದಿಲ್ಲ. ಲೆಕ್ಕಕ್ಕೆ ಹಿಡಿಯದ ಇನ್ನೊಂದು ವಿಷಯವೂ ಇದೆ. ನಮ್ಮ ಸೀಮೆ ಸಮುದ್ರ ಮಟ್ಟದಿಂದ ಒಂಬೈನೂರು ಮೀಟರಿನ ಹತ್ತಿರ ಇದೆ. ಈ ಎತ್ತರದಲ್ಲಿ ಗಾಳಿ ನೂರಕ್ಕೆ ಎಂಟರಷ್ಟು ತೆಳು. ಫ್ಯಾನು ಅಷ್ಟೇ ಸುತ್ತಿದರೂ ಅದು ಹೊತ್ತೊಯ್ಯುವ ಗಾಳಿಯ ತೂಕ ಕಡಿಮೆ, ಶಾಖವೂ ಕಡಿಮೆ. ಆದ್ದರಿಂದ ಇಲ್ಲಿ ಗಾಳಿಯ ದಾರಿಯಲ್ಲಿ ಒಂದಿಷ್ಟೂ ಅಡ್ಡಿ ಇರಬಾರದು.

ಪೆಟ್ಟಿಗೆ ಬಿಚ್ಚಿದೆವು. ಕೂಲರಿನ ರೆಕ್ಕೆಗಳ ನಡುವೆ ಧೂಳೂ ರೇಷ್ಮೆಯ ಸಣ್ಣ ಎಳೆಗಳೂ ಹೆಣೆದುಕೊಂಡು ಕಂಬಳಿಯ ತುಂಡೇ ಆಗಿಹೋಗಿತ್ತು. ಚಿಮಟದಲ್ಲಿ ಹಿಡಿದರೆ ಇಡಿಯಾಗಿ ಎದ್ದು ಬಂತು. ಕೂಲರು ಮೇಲಿನಿಂದ ಗಾಳಿ ಎಳೆದು ಬೋರ್ಡಿನ ಮೇಲೆ ಊದುವ ಜಾತಿಯದು. ಅದು ಎಳೆಯಬೇಕಾದ ಜಾಗದಲ್ಲಿ ಗಾಜಿನ ಬಾಗಿಲು, ನಡುವೆ ಒಂದು ಬೆರಳಿನಷ್ಟು ಸಂದು. ನೋಡಲು ಚೆಂದ, ಉಸಿರಿಗೆ ಕಂಟಕ. ತಾನು ಉಗುಳಿದ ಬಿಸಿಗಾಳಿಯನ್ನೇ ಅದು ಮತ್ತೆ ಮತ್ತೆ ಎಳೆದುಕೊಳ್ಳುತ್ತಿತ್ತು.

ಭಾನುವಾರ ಬೆಳಗ್ಗೆ ಗಾಜಿನ ಅಳತೆ ಹಿಡಿದು, ಗೂಡಿನಿಂದ ನೂಲು ತೆಗೆಯುವ ಫಿಲೇಚರ್‌ಗಳಿಗೆ ಬೇಸಿನ್ ಮಾಡಿಕೊಡುವ ಒಂದು ವೆಲ್ಡಿಂಗ್ ಅಂಗಡಿಗೆ ಹೋದೆವು. ಶುಕ್ರವಾರ ರಜಾ ಹಾಕುವ ಅಂಗಡಿ, ಭಾನುವಾರ ತೆರೆದಿತ್ತು. ತೂತು ತಗಡನ್ನು ಗಾಜಿನ ಅಳತೆಗೇ ಕತ್ತರಿಸಿ, ಅಂಚು ಮಡಚಿ, ನಾಲ್ಕು ಮೂಲೆಗೆ ರಂಧ್ರ ಹೊಡೆದು ಕೊಟ್ಟರು. ಇದು ಮದುವೆ ವಿಡಿಯೋದ ಮಿಷನ್‌ಗೆ ಅಂತ ತಿಳಿದ ಮೇಲೆ ಅಂಗಡಿಯ ಸಾಹೇಬರು ಅಂಚನ್ನು ಅರದಿಂದ ಉಜ್ಜಿ ಉಜ್ಜಿ ನುಣ್ಣಗೆ ಮಾಡಿದರು. ಬ್ಯಾಗಿನಲ್ಲಿಟ್ಟು ಒಯ್ಯುವಾಗ ಹುಡುಗನ ಕೈ ಕೊಯ್ಯಬಾರದಲ್ಲ ಅಂದರು.

ಮನೆಗೆ ಬಂದು ಪ್ರೊಸೆಸರಿಗೂ ಕೂಲರಿಗೂ ನಡುವಿನ ಹಳೇ ಥರ್ಮಲ್ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಹೊಸದನ್ನು ಕಡಲೆ ಗಾತ್ರದಷ್ಟು ಹಾಕಿ ಕೂಲರನ್ನು ಕೂರಿಸಿದೆವು. ಮೂಲೆ ಮೂಲೆ ಸ್ಕ್ರೂಗಳನ್ನು ಅಡ್ಡಡ್ಡಲಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಬೇಕು. ಒಂದನ್ನೇ ಪೂರ್ತಿ ತಿರುಗಿಸಿದರೆ ಕೂಲರು ಓರೆಯಾಗಿ ಕೂತು ಒಂದು ಕಡೆ ಮುಟ್ಟುವುದೇ ಇಲ್ಲ. ಗೆಳೆಯನಿಗೆ ಇನ್ನೊಂದು ಉಪಾಯ ಗೊತ್ತಿತ್ತು. ಚಪ್ಪಲಿ ಮಾಡುವ ಮೆತ್ತನೆ ಹಾಳೆಯನ್ನು ತಂದು, ಉಂಗುರದ ಹಾಗೆ ಕತ್ತರಿಸಿ, ಕೂಲರಿನ ಫ್ಯಾನಿಗೂ ತೂತು ತಗಡಿಗೂ ನಡುವಿನ ಸಂದಿಗೆ ಅಳವಡಿಸಿದ. ಈಗ ಫ್ಯಾನು ಎಳೆದದ್ದೆಲ್ಲ ಹೊರಗಿನ ಗಾಳಿ, ಪೆಟ್ಟಿಗೆ ಒಳಗಿನದಲ್ಲ. ಒಳಗಿನ ಬಿಸಿ ಆಚೆಗೆ ಹೋಗಲು ಪೆಟ್ಟಿಗೆಯ ನೆತ್ತಿಯಲ್ಲಿ ತೆಳು ಫ್ಯಾನು ಒಂದು, ಮೇಲ್ಮುಖವಾಗಿ. ಅಕ್ಕನ ವೆಂಟಿಲೇಟರು ಅದು. ಬೋರ್ಡಿನ ಬೆನ್ನಿಗಿದ್ದ ಎಸ್‌ಎಸ್‌ಡಿಗೆ ಗಾಳಿಯೇ ತಾಗುತ್ತಿರಲಿಲ್ಲ; ಅದಕ್ಕೂ ಪೆಟ್ಟಿಗೆಯ ತಗಡಿಗೂ ನಡುವೆ ಥರ್ಮಲ್ ಪ್ಯಾಡ್ ಇಟ್ಟು, ಅದರ ಶಾಖ ತಗಡಿಗೇ ಹರಿಯುವ ಹಾಗೆ ಮಾಡಿದೆವು.

ಧೂಳಿಗೆ ಏನು ಮಾಡೋದು? ಅದಕ್ಕೂ ಹುಳು ಮನೆಯಲ್ಲೇ ಉತ್ತರ ಇತ್ತು. ಊಜಿ ನೊಣ ಪಶ್ಚಿಮ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದದ್ದು 1980ರಲ್ಲಿ. ಹುಳುವಿನ ಮೈಮೇಲೆ ಮೊಟ್ಟೆ ಇಟ್ಟು ಬೆಳೆಯನ್ನೇ ಹಾಳು ಮಾಡುವ ಆ ನೊಣಕ್ಕೆ ಹೆದರಿ ನಮ್ಮ ಕಡೆ ಹುಳು ಮನೆಗಳ ಕಿಟಕಿ ಬಾಗಿಲಿಗೆಲ್ಲ ನೈಲಾನ್ ಜಾಲರಿ ಕಟ್ಟುತ್ತಾರೆ. ಮಿಕ್ಕಿದ್ದ ಜಾಲರಿಯ ತುಂಡನ್ನು ಅಕ್ಕನೇ ಕತ್ತರಿಸಿ ಕೊಟ್ಟಳು. ಅದನ್ನು ತಗಡಿನ ಹೊರಗೆ, ಎಳೆದರೆ ಬರುವ ಹಾಗೆ, ಚಿಕ್ಕ ಅಯಸ್ಕಾಂತಗಳಿಂದ ಅಂಟಿಸಿದೆವು. ತೀರಾ ಸಣ್ಣ ಕಣ್ಣಿನ ಬಟ್ಟೆ ಕಟ್ಟಿದರೆ ಧೂಳು ನಿಲ್ಲುತ್ತದೆ, ಗಾಳಿಯೂ ನಿಲ್ಲುತ್ತದೆ. ಈ ಜಾಲರಿ ರೇಷ್ಮೆ ಎಳೆಯನ್ನು ತಡೆಯುತ್ತದೆ, ಗಾಳಿಯನ್ನು ಬಿಡುತ್ತದೆ.

ಹುಡುಗ ನೀರಿನ ಏರ್ ಕೂಲರನ್ನು ಪೆಟ್ಟಿಗೆ ಮುಂದೆ ಇಡೋಣವೇ ಅಂತ ಕೇಳಿದ. ಬೇಡ ಅಂದೆ. ಒಣ ಬೇಸಿಗೆಯಲ್ಲಿ ಅದು ಕೋಣೆಯನ್ನು ತಂಪು ಮಾಡುತ್ತದೆ, ನಿಜ. ಆದರೆ ಒದ್ದೆ ಗಾಳಿಯನ್ನು ನೇರವಾಗಿ ಬೋರ್ಡಿಗೆ ಊದಿದರೆ ಧೂಳು ಕೆಸರಾಗಿ ಅಂಟುತ್ತದೆ. ಸಾವಿರ ಅಡಿ ಆಳದ ಬೋರ್‌ವೆಲ್‌ಗಳ ನೀರಿನ ಉಪ್ಪು ಕೂಲರಿನ ಹುಲ್ಲಿನ ಮೇಲೆ ಹೇಗೆ ಬೆಳ್ಳಗೆ ಕಟ್ಟುತ್ತದೆ ಅನ್ನೋದನ್ನು ನಾವೆಲ್ಲ ನೋಡಿದ್ದೇವಲ್ಲ. ಕೋಣೆಯ ಆ ಮೂಲೆಗೆ ಬೇಕಾದರೆ ಇಡು, ಪೆಟ್ಟಿಗೆಯ ಮುಖಕ್ಕಲ್ಲ ಅಂದೆ.

ಕೊನೆಗೆ ಬಯೋಸ್‌ನಲ್ಲಿ ಪ್ರೊಸೆಸರನ್ನು 65ರಿಂದ 45 ವ್ಯಾಟಿನ ಮಟ್ಟಕ್ಕೆ ಇಳಿಸಿದೆವು. ಪ್ರೊಸೆಸರಿನ ಡಬ್ಬದ ಮೇಲೆ 65 ವ್ಯಾಟ್ ಅಂತ ಬರೆದಿದ್ದರೂ ಹೊರೆ ಬಿದ್ದಾಗ ಅದು 88ರ ತನಕ ಎಳೆಯಬಲ್ಲದು. ವೇಗ ಹೆಚ್ಚಿದಂತೆ ವೋಲ್ಟೇಜೂ ಹೆಚ್ಚಬೇಕು, ಶಾಖ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. ಹಾಗಾಗಿ ಕೊನೆಯ ಸ್ವಲ್ಪ ವೇಗಕ್ಕೆ ನಾವು ತೆರುವ ಬಿಸಿ ಬಹಳ. ಹುಡುಗ ರೆಂಡರ್ ನಿಧಾನ ಆಗುತ್ತೆ ಅಂತ ಮುಖ ಸಣ್ಣಗೆ ಮಾಡಿದ. ವೋಲ್ಟೇಜ್ ಮಾತ್ರ ಇಳಿಸಿ ವೇಗ ಹಾಗೇ ಉಳಿಸಿಕೊಳ್ಳುವ ಉಪಾಯವನ್ನು ಎಲ್ಲೋ ನೋಡಿದ್ದ, ಅದನ್ನು ಮಾಡೋಣ ಅಂದ. ನಾನೂ ಗೆಳೆಯನೂ ಒಪ್ಪಲಿಲ್ಲ. ಅದು ಸರಿಯಾಗಿ ಮಾಡಿದರೆ ಒಳ್ಳೆಯದೇ, ಆದರೆ ಅದಕ್ಕೆ ದಿನಗಟ್ಟಲೆ ಪರೀಕ್ಷೆ ಬೇಕು. ಆಗಷ್ಟೇ ನೆಟ್ಟಗೆ ನಿಂತ ಮಿಷನ್‌ಗೆ, ಮಂಗಳವಾರದ ಗಡುವು ತಲೆಯ ಮೇಲಿರುವಾಗ, ಹೊಸ ಅನುಮಾನ ಹಚ್ಚುವ ಕೆಲಸ ಬೇಡ.

ಪೆಟ್ಟಿಗೆಯನ್ನು ಶೋಕೇಸಿನಿಂದ ತೆಗೆದು ಟೇಬಲ್ಲಿನ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಇಟ್ಟೆವು. ಬೇಕೆಂದೇ ಭಾನುವಾರ ಮಧ್ಯಾಹ್ನ, ಬಿಸಿಲು ನೆತ್ತಿಗೇರಿದ ಹೊತ್ತಿಗೆ ರೆಂಡರ್ ಹಚ್ಚಿದೆವು. ಕೋಣೆಯಲ್ಲಿ 36-37. ಪ್ರೊಸೆಸರು 76ಕ್ಕೆ ಬಂದು ನಿಂತಿತು. ಮುಂದಕ್ಕೆ ಏರಲಿಲ್ಲ. ವೇಗ 3.8ರಲ್ಲಿ ಅಲುಗದೆ ಕೂತಿತು, 4.2 ತೋರಿಸಿ 3.4ಕ್ಕೆ ಬೀಳುತ್ತಿದ್ದ ಮಿಷನ್‌ಗಿಂತ ಇದು ಬೇಗ ಕೆಲಸ ಮಾಡುತ್ತಿತ್ತು. ನಡುವೆ ಕರೆಂಟು ಹೋಯಿತು. ಯುಪಿಎಸ್ ಒಂದು ಸಲ ಟಿಕ್ ಅಂತು, ಇನ್‌ವರ್ಟರು ಹೊರಳಿತು, ರೆಂಡರ್ ಸಾಗುತ್ತಲೇ ಇತ್ತು. ಹುಡುಗ ನನ್ನ ಕೈ ಹಿಡಿದುಕೊಂಡ, ಬಿಡಲೇ ಇಲ್ಲ.

ಕತ್ತಲಾಗುವ ಹೊತ್ತಿಗೆ ಫೈಲು ಪೂರ್ತಿ ಆಯಿತು. ಗೆಳೆಯ ಅಷ್ಟಕ್ಕೇ ಬಿಡುವವನಲ್ಲ. ಮೂರು ಗಂಟೆಯ ವಿಡಿಯೋವನ್ನು ಮೊದಲಿಂದ ಕೊನೆವರೆಗೆ ಓಡಿಸಿ, ಎಲ್ಲರನ್ನೂ ಕೂರಿಸಿ, ಹಸಿರು ಚೌಕ ಎಲ್ಲಾದರೂ ಬಂತಾ ಅಂತ ನೋಡಿಸಿದ. ಅಕ್ಕ, ಭಾವ, ಪಕ್ಕದ ಮನೆಯವರು, ಎಲ್ಲರೂ ಗುರುತೇ ಇಲ್ಲದ ಮನೆಯ ಮದುವೆಯನ್ನು ಬಂಧುಗಳದ್ದೇ ಅನ್ನುವ ಹಾಗೆ ಕೂತು ನೋಡಿದರು. ಒಂದು ಚೌಕವೂ ಬರಲಿಲ್ಲ. ಸೋಮವಾರ ಹುಡುಗ ಚಿಕ್ಕಬಳ್ಳಾಪುರಕ್ಕೆ ಹೋಗಿ ಕೊಟ್ಟು ಬಂದ. ಅದೇ ವಾರ ಅಕ್ಕನ ಹುಳುಗಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ಏರಿದವು. ಗೂಡು ಶಿಡ್ಲಘಟ್ಟ ಮಾರುಕಟ್ಟೆಯಲ್ಲೇ ಒಳ್ಳೇ ರೇಟಿಗೆ ಹೋಯಿತು.

ಈಗ ಹುಡುಗ ಗ್ರಾಫಿಕ್ಸ್ ಕಾರ್ಡ್ ಹಾಕ್ತೀನಿ ಅಂತ ಹಟ ಹಿಡಿದಿದ್ದಾನೆ. ಕೆಲಸ ಬೆಳೆದಿದೆ, ಬೇಕೇ ಬೇಕು, ನಾನು ಬೇಡ ಅನ್ನುವುದಿಲ್ಲ. ಆದರೆ ಆ ಹತ್ತು ಲೀಟರಿನ ಪೆಟ್ಟಿಗೆಗೆ ಬೇಡ. ಅದು ಛತ್ರಕ್ಕೆ ಒಯ್ಯಲು ಹಾಗೇ ಇರಲಿ. ಮನೆಗೆ ಬೇರೆ ದೊಡ್ಡ ಕ್ಯಾಬಿನೆಟ್ ತಗೊಳ್ಳಲಿ, ಮುಂದೆ ಜಾಲರಿ ಇರುವಂಥದ್ದು, 120 ಮಿಲಿಮೀಟರಿನ ಫ್ಯಾನು ಮುಂದೆ ಎರಡು, ಹಿಂದೆ ಒಂದು. ಪವರ್ ಸಪ್ಲೈ ಹೊಸದು. ಆ ಹೊರೆಗೆ 600 ವಿಎ ಸಾಲದು, ಯುಪಿಎಸ್ಸೂ ದೊಡ್ಡದು. ಎಸ್.ಪಿ. ರೋಡಿಗೆ ಹೋಗುವ ಮುಂಚೆ ನೋಡಿಕೊಳ್ಳಲಿ ಅಂತ ಇದನ್ನೆಲ್ಲ ಆ ಹಳೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಟ್ಟಿದ್ದೇನೆ.